ಮೊದಲ ತಿಂಗಳು ಕಾಲು ನೋಡು

ಕಡಲತೀರದ ಲೊಯಿಸಾ ಊರಿನಲ್ಲಿ ಡೋಲು ಕಲಿಯಬೇಕೆಂದು ತೇಯಾಳ ಜಗಲಿ ಹತ್ತಿದವರು ಮೊದಲ ದಿನವೇ ಪೆಚ್ಚಾಗಿ ಇಳಿಯುತ್ತಿದ್ದರು. ರಮ್ಮಿನ ಹಳೇ ಪೀಪಾಯಿಗೆ ಆಡಿನ ಚರ್ಮ ಬಿಗಿದ ಡೋಲು ಮೂಲೆಯಲ್ಲಿರುತ್ತಿತ್ತು, ಆದರೆ ಮುಟ್ಟುವ ಹಾಗಿಲ್ಲ. ಒಂದು ತಿಂಗಳು ಸುಮ್ಮನೆ ಕೂತು ತೇಯಾಳ ಕಾಲು ನೋಡಬೇಕು. ಅವಳು ಕಸ ಗುಡಿಸುತ್ತಾಳೆ, ಬಾಳೆಕಾಯಿ ಸುಲಿಯುತ್ತಾಳೆ, ಬೆಕ್ಕನ್ನು ಅಟ್ಟುತ್ತಾಳೆ. ಹಿಮ್ಮಡಿ ಎದ್ದರೆ ಶಿಷ್ಯರು ತಮ್ಮ ಮಂಡಿಗೆ ಒಂದೇಟು ಹಾಕಿಕೊಳ್ಳಬೇಕು, ಅವಳು ನಿಂತರೆ ಕೈಯೂ ನಿಲ್ಲಬೇಕು. ಅಷ್ಟಿಷ್ಟು ಬರುತ್ತದೆ ಎಂದು ಎದೆಯುಬ್ಬಿಸಿ ಬಂದವರಿಗೆ ಎರಡು ತಿಂಗಳು: ಕಲಿತದ್ದನ್ನು ಮರೆಯಲು ಒಂದು, ನೋಡಲು ಇನ್ನೊಂದು.

ಇದು ಅವಳ ತಿಕ್ಕಲುತನವಲ್ಲ. ಬೊಂಬಾ ಕುಣಿತದಲ್ಲಿ ಕಾಲು ಹೇಳುತ್ತದೆ, ಡೋಲು ಕೇಳುತ್ತದೆ. ದೊಡ್ಡ ಡೋಲು ತಾಳ ಹಿಡಿದು ಕೂತರೆ, ಪ್ರೀಮೊ ಎಂಬ ಸಣ್ಣ ಡೋಲು ಕುಣಿಯುವವಳ ಒಂದೊಂದು ಹೆಜ್ಜೆಗೂ, ಭುಜ ಕೊಡವಿದ್ದಕ್ಕೂ ಆ ಗಳಿಗೆಯಲ್ಲೇ ಉತ್ತರ ಕೊಡಬೇಕು. ಕೊಡಲಾಗದವನು ಕುರ್ಚಿ ಬಿಟ್ಟು ಏಳಬೇಕು. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು.

ಹಸಿಂತೋ ಕಲಿಯಲು ಬಂದಾಗ ಅವನಿಗೆ ಇಪ್ಪತ್ತೆರಡು, ತೇಯಾಳಿಗೆ ಮೂವತ್ತಾರು. ಹನ್ನೊಂದನೇ ದಿನಕ್ಕೇ ಅವನು ಗೊಣಗಿದ. ತಾನು ಡೋಲು ಕಲಿಯಲು ಬಂದವನೇ ಹೊರತು ಚಪ್ಪಲಿ ಅಂಗಡಿ ಇಡಲು ಅಲ್ಲ ಎಂದ. ಹುಡುಗನ ಕೈ ಚುರುಕಾಗಿತ್ತು, ನಗು ಚೆನ್ನಾಗಿತ್ತು. ತೇಯಾ ಕರಗಿದಳು. ಜೀವಮಾನದಲ್ಲಿ ಒಬ್ಬನಿಗೆ ಮಾತ್ರ ಕಾಲು ನೋಡುವ ಆ ತಿಂಗಳನ್ನು ಮಾಫಿ ಮಾಡಿದಳು, ಅದೂ ಇಂಥವನಿಗೆ! ತನ್ನಪ್ಪ ತನಗೆ ಕಲಿಸಿದ್ದನ್ನೆಲ್ಲ ಅವನ ಕೈಗೆ ಸುರಿದಳು. ಕೊಟ್ಟವಳು ಕೋಡಂಗಿಯಾಗಲು ಹೆಚ್ಚು ವರ್ಷ ಬೇಕಾಗಲಿಲ್ಲ.

ಅಪ್ಪ ತೀರಿದ ವರ್ಷ, ಜುಲೈನ ಸಾಂತಿಯಾಗೋ ಸಂತನ ಹಬ್ಬದಲ್ಲಿ, ಊರೆಲ್ಲ ನೆರೆದ ಅಂಗಳದಲ್ಲಿ ತೇಯಾ ಅಪ್ಪನ ಕುರ್ಚಿಯಲ್ಲಿ ಪ್ರೀಮೊ ಬಾರಿಸುತ್ತಿದ್ದಳು. ಹಸಿಂತೋ ಬಂದು ಅವಳ ಮೊಣಕೈ ಹಿಡಿದು ಎಬ್ಬಿಸಿದ.

"ಏಳಮ್ಮಾ ತೇಯಾ. ಹೆಂಗಸಿನ ಮಂಡಿ ನಡುವೆ ಮಗು ಇದ್ರೆ ಚೆಂದ, ಡೋಲಲ್ಲ. ಲಂಗ ಉಟ್ಕೊಂಡಿದ್ದೀಯಲ್ಲ, ಹೋಗಿ ಕುಣಿ."

ಜನ ನಕ್ಕರು. ಅವಳು ಎದ್ದುಬಿಟ್ಟಳು. ಯಾಕೆ ಎದ್ದೆ, ಆ ಡೋಲನ್ನೇ ಎತ್ತಿ ಅವನ ತಲೆಗೆ ಯಾಕೆ ಕವುಚಲಿಲ್ಲ ಎಂದು ಅಂದಿನಿಂದ ತನ್ನನ್ನೇ ಬೈದುಕೊಳ್ಳುತ್ತಾ ಬಂದಳು. ಇಪ್ಪತ್ತು ವರ್ಷ ಆ ಅಂಗಳಕ್ಕೆ ಕಾಲಿಡಲಿಲ್ಲ. ಅವನನ್ನು ಅದೇ ಜನರೆದುರು ಅದೇ ಕುರ್ಚಿಯಿಂದ ಎಬ್ಬಿಸಬೇಕು ಎಂಬುದೊಂದೇ ಆಸೆ ಹೊಟ್ಟೆಯಲ್ಲಿ ಕೆಂಡದಂತೆ ಇತ್ತು.

ಹಸಿಂತೋ ದೊಡ್ಡ ಹೆಸರು ಮಾಡಿದ, ತಂಡ ಕಟ್ಟಿದ. ಅವನ ತಂಡದ ಹುಡುಗಿಯರು ಬಾಯಿಪಾಠ ಮಾಡಿದ ಹೆಜ್ಜೆಗಳನ್ನೇ ಕುಣಿಯುತ್ತಿದ್ದರು, ಇವನು ಜನರ ಮುಖ ನೋಡಿ ನಗುತ್ತಾ ಬಾರಿಸುತ್ತಿದ್ದ. ಕಾಲು ನೋಡಲು ಬಾರದವನೆಂದು ಲೊಯಿಸಾದಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಅವನ ಹೆಂಡತಿ ಹೋವಿತಾ ಡೋಲು ಕಲಿಯಲು ತೇಯಾಳ ಜಗಲಿ ಹತ್ತಿದಳು. ಮನೆಯಲ್ಲಿ ಮೇಜಿನ ಮೇಲೆ ಬೆರಳಾಡಿಸಿದರೂ ಗಂಡ ಗದರುತ್ತಾನಂತೆ. ಜಪಮಾಲೆ ಪ್ರಾರ್ಥನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಬಂದಿದ್ದಳು. ತೇಯಾ ಮೊದಲು ಬಾಗಿಲು ಹಾಕಿಕೊಳ್ಳಲು ಹೋದಳು. ಆಮೇಲೆ ಏನು ಹೊಳೆಯಿತೋ, ಕುರ್ಚಿ ಎಳೆದು ಕೊಟ್ಟಳು. ಪ್ರೀತಿಯಿಂದ ಕಲಿಸಿದಳು ಎಂದು ತಿಳಿಯಬೇಡಿ. ಸೇಡಿನಿಂದ ಕಲಿಸಿದಳು, ಆದ್ದರಿಂದಲೇ ಒಂದು ಚೂರೂ ಬಿಡದೆ ಕಲಿಸಿದಳು. ಹೋವಿತಾ ಮೂರು ತಿಂಗಳು ಕಾಲು ನೋಡಿದಳು. ಎರಡು ವರ್ಷವಾಗುವ ಹೊತ್ತಿಗೆ, ತೇಯಾ ಹೆಬ್ಬೆರಳು ಅಲುಗಿಸಿದರೂ ಅವಳ ಕೈ ಹಿಡಿಯುತ್ತಿತ್ತು.

ಆ ಜುಲೈನಲ್ಲಿ, ಹಬ್ಬಕ್ಕೆ ಮುಂಚೆ, ರೇಡಿಯೊದವರು ಹಸಿಂತೋನ ಗುರು ಯಾರೆಂದು ಕೇಳಿದರು. ತೇಯಾಳ ಅಪ್ಪನ ಹೆಸರು ಹೇಳಿದ. ಮಗಳಿಂದಲೂ ಕಲಿತಿರಂತಲ್ಲ ಎಂದಾಗ ನಕ್ಕುಬಿಟ್ಟ.

"ತೇಯಾನಾ? ಪಾಪ, ನಾವು ಬಾರಿಸ್ತಾ ಇದ್ರೆ ಕಾಫಿ ತಂದ್ಕೊಡ್ತಿದ್ಲು."

ತೇಯಾ ರೇಡಿಯೊ ಆರಿಸಿ, ಕುಣಿತದ ಬಿಳಿ ಲಂಗಕ್ಕೆ ಗಂಜಿ ಹಾಕಿದಳು. ಅರವತ್ತೊಂದು ವಯಸ್ಸು, ಬಲಮಂಡಿ ಊದಿಕೊಂಡಿತ್ತು. ಗುರುವಿಗೇ ತಿರುಮಂತ್ರ ಹಾಕುವವನಿಗೆ ಒಂದೂವರೆ ಕಾಲು ಸಾಕು ಎಂದುಕೊಂಡಳು.

ಹಬ್ಬದ ಮಧ್ಯಾಹ್ನ ಅವಳು ಅಂಗಳದ ನಡುವೆ ಬಂದಾಗ, ಕರಿದ ಮೀನುವಡೆ ತಿನ್ನುತ್ತಿದ್ದವರ ಬಾಯಿ ನಿಂತಿತು. ಪದ್ಧತಿಯಂತೆ ಡೋಲಿಗೆ ತಲೆಬಾಗಿದಳು, ಅದೇ ಕುರ್ಚಿಯಲ್ಲಿ ಪ್ರೀಮೊ ಹಿಡಿದು ಕೂತಿದ್ದ ಹಸಿಂತೋನ ಕಡೆ ಕಣ್ಣೆತ್ತಲಿಲ್ಲ. ಎರಡು ಸುತ್ತು ಮೆಲ್ಲಗೆ ಹೆಜ್ಜೆ ಹಾಕಿದಳು. ಹಸಿಂತೋ ಜನರತ್ತ ಹಲ್ಲು ಬಿಡುತ್ತಾ ಕೈಚಳಕ ತೋರಿಸತೊಡಗಿದ. ಆಗ ತೇಯಾ ನಿಂತಳು.

ಸುಮ್ಮನೆ ನಿಂತಳು, ಅಷ್ಟೇ. ಅವನ ಕೈ ಮಾತ್ರ ದಡಬಡನೆ ಓಡುತ್ತಲೇ ಇತ್ತು. ಗಾಬರಿಯಾಗಿ ಅವನು ಕೈ ತಡೆದ ಕ್ಷಣದಲ್ಲೇ ಅವಳು ಹಿಮ್ಮಡಿ ಕುಟ್ಟಿದಳು; ಡೋಲು ಮೂಕವಾಗಿತ್ತು. ಅವನು ಬಾರಿಸಿದಾಗ ಇವಳು ಕಂಬ, ಅವನು ಬಿಟ್ಟಾಗ ಇವಳ ಭುಜ ಕುಣಿಯಿತು. ಮುದುಕಿಯರು ಮೊದಲು ಕಿಸಕ್ಕೆಂದರು.

"ಯಾರಿಗೆ ಬಾರಿಸ್ತಿದ್ದೀಯೋ ಹಸಿಂತೋ, ಗಾಳಿಗಾ?" ಎಂದಳು ಒಬ್ಬಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕಡಲಗಾಳಿಗೆ ಚರ್ಮ ಸಡಿಲವಾಗಿದೆ ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಏಳು, ಏಳು ಎಂದು ಸುತ್ತಲಿಂದ ಚಪ್ಪಾಳೆ ಶುರುವಾಯಿತು. ಇಪ್ಪತ್ತು ವರ್ಷದ ಹಿಂದೆ ನಕ್ಕಿದ್ದ ಜನವೇ. ಅವನು ಕೆಂಪಗಾಗಿ ಎದ್ದ.

"ಈ ಮುದುಕಿ ಹುಚ್ಚಾಟಕ್ಕೆ ಯಾರ್ ಬಾರಿಸ್ತೀರೋ ಬಾರಿಸಿ, ನೋಡೇಬಿಡೋಣ."

ಹೋವಿತಾ ಗುಂಪಿನಿಂದ ಬಂದು, ತನ್ನ ಕೈಚೀಲವನ್ನು ಗಂಡನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತಳು.

ತೇಯಾಳ ಹಿಮ್ಮಡಿ ಎದ್ದಿತು, ಡೋಲು ಅದನ್ನೇ ಅಂದಿತು. ಲಂಗದ ಅಂಚು ಹಾರಿತು, ಡೋಲು ಅದನ್ನೇ ಅಂದಿತು. ಅವಳು ನಿಂತಳು. ದೊಡ್ಡ ಡೋಲಿನ ತಾಳವೊಂದೇ ಉಳಿಯಿತು. ಹೆಬ್ಬೆರಳು ಅಲುಗಿತು, ಡೋಲು ಅದನ್ನೂ ಹಿಡಿಯಿತು.

ಹಸಿಂತೋ ಕೈಚೀಲ ಹಿಡಿದೇ ಹೆಂಡತಿಯತ್ತ ಬಾಗಿದ. "ಇದನ್ನ... ಯಾರ ಹತ್ರ ಕಲ್ತೆ ನೀನು?"

ಹೋವಿತಾ ತೇಯಾಳ ಕಾಲಿನಿಂದ ಕಣ್ಣು ಕೀಳಲಿಲ್ಲ. ಉತ್ತರ ಕೊಟ್ಟವಳು ತೇಯಾ.

"ಕಾಫಿ ತಂದ್ಕೊಡ್ತಿದ್ದೋಳ ಹತ್ರ."

ಅಂಗಳ ನಕ್ಕಿತು. ಆ ನಗುವನ್ನು ಅವಳು ಪೂರ್ತಿ ಕೇಳಿಸಿಕೊಂಡಳು, ಆಮೇಲೆ ಡೋಲಿಗೆ ತಲೆಬಾಗಿ ಕುಂಟುತ್ತಾ ಮನೆಗೆ ಹೋದಳು.

ಮಂಡಿ ಹದಿನೈದು ದಿನ ಸೋರೆಕಾಯಿಯಂತೆ ಊದಿತ್ತು. ಮಂಗಳವಾರ ಹೋವಿತಾ ಕರ್ಪೂರದ ಎಣ್ಣೆ ತಂದಳು, ಈ ಸಲ ಗಂಡನಿಗೆ ಹೇಳಿಯೇ ಬಂದಿದ್ದಳು. ತೇಯಾ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ನೋವು ಇನ್ನೂ ನಾಲ್ಕು ದಿನ ಇರಲಿ, ಚುಚ್ಚಿದಾಗಲೆಲ್ಲ ಅವನು ಕೈಚೀಲ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟುತ್ತದೆ ಎಂದಳು.