ಮಾರೂರೈ ಒರಗಿದ ಕಲ್ಲು

ತೆಹೀನಾಳ ಮೂಲಪುರುಷ ಮಾರೂರೈ. ಶಾರ್ಕಿನ ಚರ್ಮ ಬಿಗಿದ ಆಳೆತ್ತರದ ನಗಾರಿಯನ್ನು ಅವನು ಬಾರಿಸಿದರೆ ಹವಳದ ದಿಬ್ಬದಾಚೆ ಮೀನು ಹಿಡಿಯುವವರು ಹುಟ್ಟು ಕೆಳಗಿಡುತ್ತಿದ್ದರಂತೆ. ಬಿಳಿಯರ ಮೊದಲ ಹಡಗು ನಮ್ಮ ದ್ವೀಪದ ಅಪೂರಾ ಕಣಿವೆಯ ದಡಕ್ಕೆ ಬಂದ ದಿನ ಹಿರಿಯರ ಕಲ್ಲಂಗಳದಲ್ಲಿ ಪೂಜೆ ನಡೆದಿತ್ತು. ಹಡಗಿನ ಚಿತ್ರಗಾರ ಬರೆದುಕೊಂಡದ್ದು ಅಲ್ಲಿ ನಗಾರಿ ಬಾರಿಸುತ್ತಿದ್ದ ಮಾರೂರೈಯನ್ನೇ. ಅವನ ಮೊಮ್ಮಗ ಹಾಪೈ, ಊರು ದೇವರನ್ನು ಬದಲಿಸಿದಾಗ ನಗಾರಿಯನ್ನು ಬೆಂಕಿಗೆ ಕೊಡದೆ ಗುಹೆಯಲ್ಲಿ ಬಚ್ಚಿಟ್ಟ. ಅದು ಅಲ್ಲೇ ಗೆದ್ದಲು ಹಿಡಿದು ಹೋಯಿತು. ಹಾಪೈಯ ಮರಿಮಗಳು ಪುನುವಾ, ಇಗರ್ಜಿಯ ಗೋಡೆಗೆಂದು ಊರವರು ಒಯ್ದಿದ್ದ, ಪೂಜೆಯಲ್ಲಿ ಮಾರೂರೈ ಬೆನ್ನು ಕೊಡುತ್ತಿದ್ದ ಒರಗುಗಲ್ಲನ್ನು ಒಬ್ಬಳೇ ಉರುಳಿಸಿಕೊಂಡು ಬಂದು ಅಂಗಳದ ಬಲಬದಿಯಲ್ಲಿ ನೆಟ್ಟಳು.

ಪುನುವಾಳ ಮೊಮ್ಮಗಳು ತೆಹೀನಾ. ಭಾನುವಾರ ಊರೆಲ್ಲ ಇಗರ್ಜಿಯಲ್ಲಿ ಹಾಡಿ, ಅಡುಗೆ ಹೂತಿಟ್ಟ ನೆಲದೊಲೆ ಬಿಚ್ಚಿ ಒಟ್ಟಿಗೆ ಉಣ್ಣುವಾಗ ಇವಳು ಕಲ್ಲಂಗಳದಲ್ಲಿ ಹುಲ್ಲು ಕೀಳುತ್ತಿದ್ದಳು. ಜನ ಜಗಳಕ್ಕೆ ಬರಲಿಲ್ಲ. ಅವಳಿಗೆ ಎಲೆ ಹಾಕುವುದನ್ನು ಬಿಟ್ಟರು, ಅಷ್ಟೆ. ಹೆಣ್ಣು ಕೇಳಲು ಬಂದವರೂ ಕಲ್ಲಂಗಳದ ಹೆಸರೆತ್ತಿದೊಡನೆ ದೋಣಿ ತಿರುಗಿಸಿದರು. ಸುಟ್ಟ ದಿವಿಹಲಸನ್ನು ಆ ಕಲ್ಲಿಗೊರಗಿ ಒಬ್ಬಳೇ ತಿನ್ನುತ್ತ ಎಪ್ಪತ್ತಮೂರು ವರ್ಷದವಳಾದಳು.

ಆ ವರ್ಷ ತಹಿತಿಯ ಸಂಗ್ರಹಾಲಯದವರು ಕಲ್ಲಂಗಳವನ್ನು ಮೊದಲಿನಂತೆ ಮಾಡಲು ಬಂದರು. ಅವರ ಮುಂದಾಳು ತೆಮಾನು, ಓದಿದವನು, ವಿನಯವಂತ. ಹಡಗಿನವನ ಚಿತ್ರದ ಅಚ್ಚಿನ ಒಂದು ಪ್ರತಿಯನ್ನು ಅವಳ ಕೈಗಿತ್ತ. ಅದರಲ್ಲಿ ಮಾರೂರೈ, ನಗಾರಿ, ಕಲ್ಲು ಎಲ್ಲವೂ ಎಡಬದಿಗಿದ್ದವು. ಪುನುವಾ ಕಲ್ಲನ್ನು ತಪ್ಪು ಕಡೆ ನೆಟ್ಟಿದ್ದಾಳೆ, ಸೋಮವಾರ ಸರಿಸುತ್ತೇವೆ ಎಂದ.

ತೆಹೀನಾ ಚಿತ್ರದಲ್ಲಿ ಅಂಗಳದ ಹಿಂದಿದ್ದ ಜೋಡಿಬೆಟ್ಟವನ್ನು ನೋಡಿದಳು. ಎತ್ತರದ ಕೋಡು ಎಡಕ್ಕಿತ್ತು. ಅಂಗಳದಲ್ಲಿ ನಿಂತು ನೋಡಿದರೆ ಅದಿರುವುದು ಬಲಕ್ಕೆ.

“ಕಲ್ಲು ಸರಿಸ್ತೀಯ, ಸರಿ. ಬೆಟ್ಟ ಯಾವತ್ತು ಸರಿಸ್ತೀಯಪ್ಪ?” ಎಂದಳು.

ಅವನು ನಕ್ಕ. ಚಿತ್ರಗಾರ ಬೆಟ್ಟವನ್ನು ಆಮೇಲೆ ನೆನಪಿನಿಂದ ಬರೆದಿರಬೇಕೆಂದ.

ಬಾಯಿ ಗೆದ್ದರೂ ಅವಳ ಎದೆ ಗೆದ್ದಿರಲಿಲ್ಲ. ಅಜ್ಜಿ ತಪ್ಪಿದ್ದರೆ, ಇಷ್ಟು ವರ್ಷ ತಾನು ಒರಗಿದ ಕಡೆ ಹಿರಿಯರು ಯಾರೂ ಇರಲೇ ಇಲ್ಲ ಎಂದಾಯಿತಲ್ಲ. ಮೂರು ದಿನ ಅಂಗಳದ ಕಡೆ ಹೆಜ್ಜೆಯಿಡಲಿಲ್ಲ. ಬಾಗಿಲಲ್ಲಿ ಕೂತು ಚಿತ್ರ ನೋಡಿದಳು. ಮಾರೂರೈ ಎಡಗೈಯಲ್ಲಿ ಬಾರಿಸುತ್ತಿದ್ದ. ಅವನು ಎಡಚನೆಂದು ಯಾರೂ ಹೇಳಿರಲಿಲ್ಲ.

ಭಾನುವಾರ ಬೆಳಗಿನ ಮಳೆಗೆ ಚಿತ್ರದ ಹಾಳೆ ನೆನೆಯಿತು. ಬಟ್ಟೆಯ ಹಗ್ಗಕ್ಕೆ ಹಾಕಿದಳು. ಬಿಸಿಲು ಬಂತು. ಒಗೆದ ಬಟ್ಟೆ ಹಿಡಿದು ಹಾಳೆಯ ಹಿಂಬದಿಯಿಂದ ಬಂದವಳು ನಿಂತೇಬಿಟ್ಟಳು. ಬೆಳಕು ತೂರಿದ ಹಾಳೆಯ ಬೆನ್ನಲ್ಲಿ ಎತ್ತರದ ಕೋಡು ಬಲಕ್ಕೆ, ನಗಾರಿ ಬಲಕ್ಕೆ, ಕಲ್ಲು ಬಲಕ್ಕೆ. ಮಾರೂರೈಯ ಬಲಗೈ ಮೇಲೆದ್ದಿತ್ತು.

ಒದ್ದೆ ಹಾಳೆಯನ್ನೇ ತೆಮಾನುವಿನ ಬಳಿ ಒಯ್ದು ಬಿಸಿಲಿಗೆ ಹಿಡಿದಳು. ಅವನು ಹಾಳೆ ನೋಡಿದ, ಬೆಟ್ಟ ನೋಡಿದ, ಅಲ್ಲೇ ಕುಕ್ಕರಿಸಿದ. ಆಗ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುತ್ತಿದ್ದರು; ಇದ್ದಂತೆ ಕೊರೆದರೆ ಅಚ್ಚಿನಲ್ಲಿ ಎಡಬಲ ತಿರುಗುತ್ತದೆ. ಅದು ಗೊತ್ತಿದ್ದೂ ತನಗೆ ಹೊಳೆಯಲಿಲ್ಲ ಎಂದ.

“ತಪ್ಪಾಯ್ತು ಅಜ್ಜಿ.”

“ನಂಗ್ಯಾಕೆ ಹೇಳ್ತೀಯ? ಪುನುವಾಗೆ ಹೇಳು.”

ಕಲ್ಲು ಇದ್ದಲ್ಲೇ ಉಳಿಯಿತು. ಹೊರಡುವ ದಿನ ತೆಮಾನು ಅವಳ ಬಾಗಿದ ಬೆನ್ನು ನೋಡಿ, ಇನ್ನು ವಾರವಾರ ಹುಲ್ಲು ಕೀಳಲು ಇಬ್ಬರು ಆಳುಗಳನ್ನು ಕಳಿಸುತ್ತೇನೆ, ನೀವು ನೆರಳಲ್ಲಿ ಕೂತರೆ ಸಾಕು ಎಂದ. ಅವಳು ಹುಲ್ಲಿನ ಬುಡದಿಂದ ಕೈ ತೆಗೆಯದೆ ಹೇಳಿದಳು:

“ಬ್ಯಾಡಪ್ಪ. ಒಂದು ಬುಡ ಕಿತ್ತರೆ ನಮ್ಮ ಹಿರೀಕರ ಒಂದು ಹೆಸರು ಕರೀತೀನಿ ನಾನು. ನಿನ್ನ ಆಳುಗಳು ಹುಲ್ಲೇನೋ ಕೀಳ್ತಾರೆ, ಹೆಸರು ಯಾರು ಕರೀತಾರೆ? ಇಷ್ಟು ದಿನ ನನ್ ಜೊತೆ ಮಾತಾಡಿದೋರು ಆ ಹೆಸರಿನೋರು ಮಾತ್ರ. ಆ ಮಾತೂ ಕಿತ್ಕೋಬ್ಯಾಡ. ಹೊರಡು, ದೋಣಿ ಕಾಯ್ತಾ ಇದೆ.”