ತಾಟಿನ ತಿದ್ದುಪಡಿ

ಮನುಷ್ಯನ ಇಡೀ ಬದುಕು ನಿಂತಿರುವುದು ಉಸಿರಿನ ಮೇಲೆ ಎಂದು ಬಲ್ಲವರೆಲ್ಲ ಗಂಭೀರವಾಗಿ ಹೇಳಿದ್ದಾರೆ. ಅವರಲ್ಲಿ ಒಬ್ಬರೂ ಸಂಡೂರಿನಿಂದ ಹೊಸಪೇಟೆಗೆ ಅದಿರು ಲಾರಿಯ ಹಿಂದೆ ಸ್ಕೂಟರಿನಲ್ಲಿ ಬಂದವರಲ್ಲ.

ನಮ್ಮ ಡಾಕ್ಟರು ಬಂದವರು. ಅದಕ್ಕೆ ಅವರ ಕಿವಿಯೇ ಸಾಕ್ಷಿ. ಮೊರದಂಥ ದೊಡ್ಡ ಕಿವಿ. ಎಡಗಿವಿಯ ಮಡಿಕೆಗಳಲ್ಲಿ ಕೆಂಪು ಧೂಳು ಕುಂಕುಮದ ಹಾಗೆ ಕೂತಿರುತ್ತಿತ್ತು. ಬಲಗಿವಿ ಮಾತ್ರ ಸ್ವಚ್ಛ. ಅದನ್ನು ರೋಗಿಗಳ ಬೆನ್ನು, ಅಂಗಿಗಳೇ ದಿನವಿಡೀ ಒರೆಸಿಬಿಡುತ್ತಿದ್ದವು. ಕೊರಳಲ್ಲಿ ಸ್ಟೆಥಸ್ಕೋಪು ನೇತಾಡುತ್ತಿದ್ದರೂ ಅವರು ಬೆನ್ನಿಗೆ ನೇರ ಕಿವಿ ಹಚ್ಚಿಯೇ ಕೇಳುವವರು. ಇದೇನು ಪದ್ಧತಿ ಎಂದು ಕೇಳಿದ್ದಕ್ಕೆ, "ಕೊಳ್ಳಾಗಿಂದು ಜನಕ್ಕ ಧೈರ್ಯ ಬರ್ಲಿ ಅಂತ ಐತ್ರಿ. ಕೇಳೂದೆಲ್ಲಾ ಕಿವೀನ" ಎಂದಿದ್ದರು.

ಚಿತ್ತವಾಡ್ಗಿಯಲ್ಲಿ ಒಂದು ಸೈಕಲ್ ಶಾಪಿನ ಪಕ್ಕ ಅವರ ದವಾಖಾನೆ. ಹೊಸಪೇಟೆಯಲ್ಲಿ ನನ್ನದೊಂದು ನಾಲ್ಕು ಪುಟದ ವಾರಪತ್ರಿಕೆ. ಅದು ವಾರಕ್ಕೊಮ್ಮೆ ಬರುತ್ತದೆ ಎಂಬುದು ಪ್ರಕಟಣೆಗಿಂತ ಹೆಚ್ಚಾಗಿ ಒಂದು ಸಂಕಲ್ಪವಾಗಿತ್ತು. ಅದರ ಮೂರನೆಯ ಪುಟದಲ್ಲಿ ಡಾಕ್ಟರು ಬರೆಯುತ್ತಿದ್ದರು. ಗಣಿಯ ಧೂಳು, ಕಾರ್ಖಾನೆಯ ಪಾಳಿ, ಕೂಲಿಯವರ ನಿದ್ದೆ, ಅಧಿಕಾರಿಗಳ ನಿದ್ದೆ ಇವೇ ವಿಷಯ. ಬರವಣಿಗೆ ಚೊಕ್ಕ, ಅಕ್ಷರ ಮಾತ್ರ ಅವರ ವೃತ್ತಿಗೆ ತಕ್ಕದ್ದು. ನಮ್ಮ ಡಿಟಿಪಿ ಹುಡುಗಿ ಹಾಳೆಗಳನ್ನು ಎದುರಿನ ಮೆಡಿಕಲ್ ಶಾಪಿಗೆ ಒಯ್ದು ಓದಿಸಿಕೊಂಡು ಬರುತ್ತಿದ್ದಳು. ಒಮ್ಮೆ ಅಂಗಡಿಯಾತ ಲೇಖನದ ಜೊತೆಗೆ ಒಂದು ಪಟ್ಟಿ ಮಾತ್ರೆಯನ್ನೂ ಕೊಟ್ಟು ಕಳಿಸಿದ್ದ.

ಇದು ಸಾಲದೆಂದು ಡಾಕ್ಟರು ನಡುವಯಸ್ಸಿನಲ್ಲಿ ಕಾನೂನು ಓದಿ ಪಾಸು ಮಾಡಿದರು. ವಕೀಲಿ ಮಾಡುವವನು ಇನ್ನೊಂದು ವೃತ್ತಿ ಮಾಡಬಾರದು ಎಂಬ ನಿಯಮವಿರುವುದು ಆಮೇಲೆ ಅವರ ಅರಿವಿಗೆ ಬಂತು. ಹಾಗಾಗಿ ಕೋರ್ಟಿನಲ್ಲಿ ಕೂಲಿಯವರ ಕಡೆಯ ವಕೀಲರ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಪಿಸುಮಾತಿನಲ್ಲಿ ವಾದ ಮಾಡುತ್ತಿದ್ದರು. ಅವರ ಪಿಸುಮಾತು ಹೊರಗಿನ ಚಹಾದಂಗಡಿಗೆ ಕೇಳಿಸುತ್ತಿತ್ತು. ಜನ ಅವರನ್ನು ಕರಿಕೋಟಿಲ್ಲದ ವಕೀಲರು ಎಂದು ಕರೆದರು.

ಇಂಥವರನ್ನು ಒಂದು ಕೆಮ್ಮು ಹಿಡಿದುಕೊಂಡ ದಿನ ನಾನು ಅಲ್ಲೇ ಇದ್ದೆ.

ಲೇಖನದ ಪ್ರೂಫು ತೋರಿಸಲು ದವಾಖಾನೆಗೆ ಹೋಗಿದ್ದೆ. ಒಳಗೆ ಪಾಪಿನಾಯಕನಹಳ್ಳಿಯ ಒಬ್ಬ ಮುದುಕ ಅಂಗಿ ಬಿಚ್ಚಿ ಕೂತಿದ್ದ. ಅದಿರು ಪುಡಿ ಮಾಡುವ ಕ್ರಷರಿನಲ್ಲಿ ದುಡಿದು ಬಿಟ್ಟವನು, ಟಿ.ಬಿ. ಇದೆ ಎಂದು ಹೇಳಿಕೊಂಡು ಬಂದಿದ್ದ. ಡಾಕ್ಟರು ಅವನ ಬೆನ್ನಿಗೆ ಕಿವಿ ಹಚ್ಚಿದವರು ಬಹಳ ಹೊತ್ತು ತೆಗೆಯಲೇ ಇಲ್ಲ. ಕೊನೆಗೆ ತಲೆಯೆತ್ತಿ, ಇದು ಟಿ.ಬಿ. ಅಂತ ಯಾರು ಹೇಳಿದರೋ ಎಂದು ಸ್ವಲ್ಪ ಗದರಿಸಿಯೇ ಕೇಳಿದರು.

"ನೀವ ಹೇಳಿದ್ರಲ್ರಿ, ಡಾಕ್ಟ್ರೆ" ಎಂದ ಮುದುಕ. "ಉಣ್ಣೂ ತಾಟು ಬ್ಯಾರೆ ಇಡ್ರಿ ಅಂತಾನೂ ನೀವ ಹೇಳಿದ್ರಿ."

ದೂರುವ ದನಿಯೇನಲ್ಲ. ವಿಳಾಸ ಕೇಳಿದರೆ ಹೇಳುವ ದನಿ.

ಡಾಕ್ಟರು ಹೊಸದಾಗಿ ದವಾಖಾನೆ ತೆರೆದ ಕಾಲದಲ್ಲಿ ಕೆಮ್ಮಿ ಸೊರಗಿದವರಿಗೆಲ್ಲ ಟಿ.ಬಿ. ಎಂದು ಬರೆದುಬಿಡುವುದು ರೂಢಿಯಾಗಿತ್ತಂತೆ. ಹಿರಿಯ ವೈದ್ಯರು ಬರೆಯುತ್ತಿದ್ದರು, ಇವರೂ ಬರೆದರು. ಈಗ ಮುದುಕನನ್ನು ತಾವೇ ಬಳ್ಳಾರಿಗೆ ಕರೆದುಕೊಂಡು ಹೋಗಿ ಕಫ, ಎಕ್ಸ್‌ರೇ ಎಲ್ಲ ಮಾಡಿಸಿದರು. ಟಿ.ಬಿ. ಇರಲಿಲ್ಲ. ಎದೆಯ ತುಂಬ ಕಲ್ಲುಧೂಳು ಇತ್ತು.

ವಾಸಿಯಾಗುತ್ತದೆಯೇ ಎಂದು ಮುದುಕ ಕೇಳಿದ. ಇಲ್ಲ ಎಂದರು. ಅವನು ಅದನ್ನು ಅಲ್ಲಿಗೇ ಬಿಟ್ಟು ತಾಟಿನ ವಿಷಯಕ್ಕೆ ಬಂದ. ಮನೆಯಲ್ಲಿ ಅವನ ತಾಟು, ಅವನ ಲೋಟ, ಅವನ ಮೂಲೆ ಬೇರೆ. ಮೊಮ್ಮಕ್ಕಳು ಹುಟ್ಟಿದಾಗಿನಿಂದ ಅಜ್ಜನನ್ನು ದೂರದಿಂದಲೇ ಕಂಡವರು.

"ಸಾಯೂದು ಇದ್ದದ್ದಾತ್ರಿ. ಅದರೊಳಗ ಒಮ್ಮೆ ಆ ಹುಡುಗ್ರ ಸಾಲಿನ್ಯಾಗ ಕುಂತು ಉಣ್ಬೇಕು. ನಾ ಹೇಳಿದ್ರ ಮನ್ಯಾಗ ನಂಬಂಗಿಲ್ಲ. ನೀವು ಹೇಳಿದ್ದನ್ನ ನೀವ ವಾಪಸ್ ತಗೊಳ್ರಿ."

ಡಾಕ್ಟರು ಅಲ್ಲಿಂದ ಎದ್ದು ನೇರ ನನ್ನ ಪ್ರೆಸ್ಸಿಗೆ ಬಂದರು. ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಹಾಕಬೇಕು ಎಂದರು. ತಿದ್ದುಪಡಿ ಎಂಬುದು ಪತ್ರಿಕೆಯ ತಪ್ಪಿಗೆ ಹಾಕುವಂಥದು, ಓದುಗರ ತಪ್ಪಿಗಾಗಲಿ ವೈದ್ಯರ ತಪ್ಪಿಗಾಗಲಿ ಅಲ್ಲ ಎಂದು ನಾನು ಸಂಪಾದಕೀಯ ಗಾಂಭೀರ್ಯದಿಂದ ತಿಳಿಸಿದೆ.

"ಶಾಸಕರ ಹೆಸರಿನ್ಯಾಗ ಒಂದು ಒತ್ತಕ್ಷರ ಬಿಟ್ರ ಮರುವಾರ ತಿದ್ದುಪಡಿ ಹಾಕ್ತೀರಿ. ನಾನು ಒಬ್ಬ ಮನಷ್ಯಾನ್ನ ಪಂಕ್ತಿಯಿಂದನ ಬಿಟ್ಟೀನಿ, ಸಂಪಾದಕ್ರೆ."

ಹಾಕಿದೆ. 'ಪಾಪಿನಾಯಕನಹಳ್ಳಿಯ ಈ ಗೃಹಸ್ಥರಿಗೆ ನಾನು ಹಿಂದೆ ಟಿ.ಬಿ. ಎಂದು ಬರೆದುಕೊಟ್ಟಿದ್ದೆ. ಅದು ತಪ್ಪು. ಅವರಿಗಿರುವುದು ಧೂಳಿನ ಕಾಯಿಲೆ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಾಟು ಬೇರೆ ಇಡಿ ಎಂದು ಹೇಳಿದ್ದೂ ತಪ್ಪು. ವಿಷಾದಿಸುತ್ತೇನೆ.' ಕೆಳಗೆ ಡಾಕ್ಟರ ಸಹಿ, ಮೇಲೆ ಮುದುಕನ ಹೆಸರು ದಪ್ಪಕ್ಷರದಲ್ಲಿ. ಹೆಸರು ಹಾಕಲೇಬೇಕೆಂದು ಅವನೇ ಹಟ ಹಿಡಿದಿದ್ದ.

ತಿದ್ದುಪಡಿಯ ಸ್ವಭಾವವನ್ನು ನಾವಿಬ್ಬರೂ ಅರಿತಿರಲಿಲ್ಲ. ತಪ್ಪು ಕಾಣದೇ ಹೋದವರಿಗೂ ಅದು ತಪ್ಪನ್ನು ತೋರಿಸಿಕೊಡುತ್ತದೆ. ಊರಿನವರು ದಪ್ಪಕ್ಷರದ ಹೆಸರು ಓದಿದರು, ಟಿ.ಬಿ. ಎಂಬಲ್ಲಿಯವರೆಗೆ ಓದಿದರು, ಪತ್ರಿಕೆ ಮಡಚಿಟ್ಟರು. ಹೋಟೆಲಿನಲ್ಲಿ ಮುದುಕನಿಗೆ ಗಾಜಿನ ಲೋಟ ಹೋಗಿ ಕಾಗದದ ಕಪ್ಪು ಬಂತು. ಅವನ ಮಗ ಪ್ರೆಸ್ಸಿಗೆ ಬಂದು, ಗೊತ್ತಿಲ್ಲದವರಿಗೂ ಗೊತ್ತು ಮಾಡಿಸಿದಿರಲ್ಲ, ಇನ್ನೊಂದು ಹಾಕಿ ಆಂಧ್ರದವರಿಗೂ ತಿಳಿಸಿಬಿಡಿ ಎಂದು ಹೇಳಿ ಹೋದ.

ಡಾಕ್ಟರಿಗೆ ವರದಿ ಒಪ್ಪಿಸಿದೆ. ಅವರು ಸ್ಕೂಟರಿನ ಕೀಲಿ ಹುಡುಕಿಕೊಂಡರು.

ಮುದುಕನ ಮನೆಗೆ ನಾವು ಹೋದಾಗ ಊಟದ ಹೊತ್ತು. ಡಾಕ್ಟರು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಹಸಿವಾಗಿದೆ ಎಂದರು. ಸೊಸೆ ಹೊಳೆಯುವ ಸ್ಟೀಲಿನ ತಾಟು ತಂದಳು. ಅವರು ಅದನ್ನು ಪಕ್ಕಕ್ಕೆ ಸರಿಸಿ, ಹೊರಗೆ ಎಮ್ಮೆಯ ಗೋದಲಿಯ ಮೇಲಿನ ಗೂಡಿನಲ್ಲಿದ್ದ ನೆಗ್ಗಿದ ಅಲ್ಯೂಮಿನಿಯಂ ತಾಟಿನ ಕಡೆ ಕೈ ತೋರಿಸಿದರು.

"ಅದು ಬ್ಯಾಡ್ರಿ. ಮಾವಾರ್ದು ಅದು."

"ಅದಕ್ಕ ಕೇಳಿದ್ದವ್ವಾ."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆ ನೋಡಿದಳು. ಕೊನೆಗೆ ತಾಟು ಬಂತು. ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ. ಬಾಗಿಲಲ್ಲಿ ಅರ್ಧ ಓಣಿ ನೆರೆದಿತ್ತು. ಯಾವ ವಿಷಯಕ್ಕೂ ಭಾಷಣ ಮಾಡಬಲ್ಲ ಡಾಕ್ಟರು ಅಂದು ರೊಟ್ಟಿ ದಪ್ಪ ಆಗಿದೆ ಎಂದು ಮಾತ್ರ ದೂರಿದರು. ಅರ್ಧ ಉಂಡು, ಮೂಲೆಯಲ್ಲಿದ್ದ ಮುದುಕನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಇಬ್ಬರೂ ಅದೇ ತಾಟಿನಲ್ಲಿ ಕೈಯಾಡಿಸಿದರು. ಮೊಮ್ಮಕ್ಕಳಲ್ಲಿ ಚಿಕ್ಕದೊಂದು ಬಂದು ಅಜ್ಜನ ಪಕ್ಕ ಕೂತು ಶೇಂಗಾ ಚಟ್ನಿಗೆ ಕೈ ಹಾಕಿತು. ಯಾರೂ ಅದನ್ನು ಎಳೆದುಕೊಳ್ಳಲಿಲ್ಲ.

ಹೊರಡುವಾಗ ನೋಡಿದೆ. ಸೊಸೆ ಆ ತಾಟನ್ನು ಮಿಕ್ಕ ತಾಟುಗಳ ಜೊತೆ ತೊಳೆಯುತ್ತಿದ್ದಳು. ಮುದುಕ ಆ ಬೇಸಿಗೆ ದಾಟಲಿಲ್ಲ.

ನನ್ನಂಥವನಾಗಿದ್ದರೆ ಇದನ್ನು ಸಭೆಗಳಲ್ಲಿ ಹೇಳಿಕೊಂಡು ಶಾಲು ಹೊದಿಸಿಕೊಳ್ಳುತ್ತಿದ್ದೆ. ಡಾಕ್ಟರು ಮಾತ್ರ ಅಂದಿನಿಂದ ಇಳಿದುಹೋದರು. ಇವನು ತಾನಾಗಿ ಬಂದ, ತಿಳಿಯಿತು, ಬರದೇ ಹೋದವರು? ಬರೆದುಕೊಟ್ಟ ಚೀಟಿಗಳೆಲ್ಲ ರೋಗಿಗಳ ಕೈಯಲ್ಲೇ ಹೋಗಿದ್ದವು. ಹಲವರು ಕೆಲಸ ಮುಗಿಸಿ ತಮ್ಮ ತಮ್ಮ ಊರು ಸೇರಿದ್ದರು. ಡಾಕ್ಟರಿಗೆ ಹೆಸರುಗಳು ಮರೆತಿದ್ದವು. ಕೆಮ್ಮುಗಳು ಮಾತ್ರ ಮರೆತಿರಲಿಲ್ಲ.

ಪ್ರೆಸ್ಸಿಗೆ ಬಂದು ಕೂತು ಒಂದೊಂದಾಗಿ ಕೆಮ್ಮಿ ತೋರಿಸುತ್ತಿದ್ದರು. ಇದು ಕಂಪ್ಲಿ ಕಡೆಯವನದು, ಕೊನೆಗೆ ಸಣ್ಣ ಸಿಳ್ಳೆ ಬರುತ್ತದೆ. ಇದು ಹೆಂಗಸು, ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದಳು. ದನಿಯೂ ಡಾಕ್ಟರದಾಗಿರುತ್ತಿರಲಿಲ್ಲ. ಡಿಟಿಪಿ ಹುಡುಗಿ ಹೆದರಿ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡಳು. ಬೀದಿಯಲ್ಲಿ ತೋರಣಗಲ್ಲಿನ ಬಸ್ಸು ಹಾದುಹೋಗುವಾಗ ಒಳಗಿನಿಂದ ಯಾರಾದರೂ ಕೆಮ್ಮಿದರೆ ಡಾಕ್ಟರು ಆಡುತ್ತಿದ್ದ ಮಾತು ನಿಲ್ಲಿಸಿ, "ಅದು ನಂದು" ಎನ್ನುತ್ತಿದ್ದರು.

ಅವರನ್ನೆಲ್ಲ ಹುಡುಕುತ್ತ ವರ್ಷಗಟ್ಟಲೆ ತಿರುಗಿದ ಮೇಲೆ ಸಂಡೂರಿನ ಹತ್ತಿರ ಒಬ್ಬನ ಮನೆ ಸಿಕ್ಕಿತು. ಅವನು ತೀರಿಹೋಗಿದ್ದ; ಮನೆಯಲ್ಲಿದ್ದ ಅವನ ಹಳೆಯ ಎಕ್ಸ್‌ರೇ ತುಂಬ ಅದೇ ಕಲ್ಲುಧೂಳು. ಅವನ ಹೆಸರಿಗೂ ತಿದ್ದುಪಡಿ ಬರೆದು ತಂದರು. ಸತ್ತವನಿಗೆ ಇದರಿಂದ ಏನು ಪ್ರಯೋಜನ ಎಂದೆ.

"ಅಂವ ಸತ್ತಾನ್ರಿ. ತಾಟು ಇನ್ನಾ ಮನ್ಯಾಗ ಐತಿ. ಯಾರೂ ಮುಟ್ಟಂಗಿಲ್ಲಂತ."

ಹಾಕಿದೆ.

ಕೊನೆಗೆ ಅವರು ಆಸ್ಪತ್ರೆ ಸೇರಿದ್ದು ಹೃದಯದ ತೊಂದರೆಯಿಂದ. ಶ್ವಾಸಕೋಶ ಚೆನ್ನಾಗಿತ್ತು, ಅದನ್ನು ಅವರು ನಾಚಿಕೆಯ ಸಂಗತಿಯೆಂಬಂತೆ ಹೇಳಿದರು. ನಾನು ನೋಡಲು ಹೋದಾಗ ಬಗ್ಗಿ ಹತ್ತಿರ ಬರಲು ಸನ್ನೆ ಮಾಡಿದರು. ಏನೋ ಹೇಳುತ್ತಾರೆಂದು ಕಿವಿಗೊಟ್ಟೆ. ಕೆಮ್ಮಿದರು. ಸಣ್ಣ, ಒಣ ಕೆಮ್ಮು, ಕೊನೆಗೊಂದು ಸಿಳ್ಳೆ.

"ಇಂವನ ಹೆಸರು ನಿಮಗರ ನೆನಪೈತೇನ್ರಿ?"

ನನಗೆ ಹೇಗೆ ನೆನಪಿರಬೇಕು. ಕಂಡವನೇ ಅಲ್ಲ. ಹುಡುಕೋಣ ಬಿಡಿ ಎಂದೆ. ಆ ವಾರವೇ ಹೋದರು.

ಸಂತಾಪ ಸಭೆಯಲ್ಲಿ ಮೌನ ಆಚರಿಸುವಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ನಾನೊಬ್ಬನೇ ತಿರುಗಿ ನೋಡಿದೆ. ಇಂದಿಗೂ ಬಸ್‌ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ, ಮದುವೆಯಲ್ಲಿ ತಿರುಗಿ ನೋಡುತ್ತೇನೆ. ಡಾಕ್ಟರು ನನಗೆ ಬಿಟ್ಟುಹೋದದ್ದು ಅದೊಂದೇ ಆಸ್ತಿ. ಸಿಳ್ಳೆ ಕೇಳಿಸಿದರೆ ಎದ್ದು ಹೋಗಿ ಊರು ಯಾವುದೆಂದು ವಿಚಾರಿಸುತ್ತೇನೆ. ಕೆಲವರು ಬೈದಿದ್ದಾರೆ.

ಈಚೆಗೆ ಪಾಪಿನಾಯಕನಹಳ್ಳಿಗೆ ಹೋಗಿದ್ದೆ. ಆ ಮನೆಯಲ್ಲಿ ಊಟಕ್ಕೆ ಕೂರಿಸಿದರು. ಮುದುಕನ ತಾಟು ಯಾವುದೆಂದು ಸೊಸೆಯನ್ನು ಕೇಳಿದೆ. ತಾಟುಗಳನ್ನೆಲ್ಲ ಒಮ್ಮೆ ತಿರುವಿ ನೋಡಿದಳು.

"ನೆಗ್ಗಿದ್ದು ಭಾಳ ಅದಾವ್ರಿ. ಗೊತ್ತಾಗವಲ್ದು."

ಪತ್ರಿಕೆ ಈಗ ನಿಂತಿದೆ. ಡಾಕ್ಟರ ಸಹಿಯಲ್ಲಿ ಒಟ್ಟು ಎರಡು ತಿದ್ದುಪಡಿ ಅಚ್ಚಾದವು.