ಯಾರೂ ಕೂಗಲಿಲ್ಲವಂತೆ

ನಮ್ಮ ಕಾರ್ಖಾನೆಯಲ್ಲಿ ರೇಣು ಬಗ್ಗೆ ಯಾರನ್ನೇ ಕೇಳಿ, ಮೊದಲು ಅವಳ ಗಂಟಲಿನ ಮಾತೇ ಬರುತ್ತದೆ. ಗಂಟಲು ಭಾರಿ ದೊಡ್ಡದಂತೆ, ಹೆಣ್ಣುಮಗಳಿಗೆ ಒಪ್ಪುವಂಥದ್ದಲ್ಲವಂತೆ. ಕೇಳಿ ಕೇಳಿ ನನ್ನ ಮೈ ಉರಿದುಹೋಗಿದೆ. ಅದಕ್ಕೇ ಇದನ್ನು ಬರೆಯಲು ಕೂತೆ. ನಾನು ಬಸವಪ್ರಭು, ಅದೇ ಕಾರ್ಖಾನೆಯ ಖರೀದಿ ವಿಭಾಗದ ಗುಮಾಸ್ತ. ಪುಣೆಯ ನಿಗಡಿಯಲ್ಲಿ ರೇಣುವಿನ ಮನೆಗೂ ನನ್ನ ಮನೆಗೂ ನಡುವೆ ಒಂದು ಹಿಟ್ಟಿನ ಗಿರಣಿ ಮಾತ್ರ. ಬೆಳಿಗ್ಗೆ ಕಂಪನಿಯ ಬಸ್ಸಿಗೆ ಇಬ್ಬರೂ ಒಂದೇ ಕಡೆ ನಿಲ್ಲುತ್ತಿದ್ದೆವು.

ಆ ಗಂಟಲು ಅವಳಿಗೆ ಅಪ್ಪನಿಂದ ಬಂದದ್ದು. ಶಿವರುದ್ರಪ್ಪನವರು ವಿಜಯಪುರದಿಂದ ಬಂದು ಇಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ದಲಾಲಿ ಮಾಡಿದವರು. ಹರಾಜಿನಲ್ಲಿ ಮೆಲ್ಲಗೆ ಮಾತಾಡುವವನ ಮಾಲನ್ನು ಯಾರು ಕೊಳ್ಳುತ್ತಾರೆ? ಅವರು ಕೂಗಿದರೆ ಇಡೀ ಸಾಲು ತಿರುಗಿ ನೋಡುತ್ತಿತ್ತು, ಎಲ್ಲರೂ ಶಹಬ್ಬಾಸ್ ಎನ್ನುತ್ತಿದ್ದರು. ಮಗಳು ಅದೇ ದನಿಯಲ್ಲಿ ಮಾತಾಡಿದರೆ ಮಾತ್ರ ತಾಯಿ ಭೀಮವ್ವ ಅಡುಗೆಮನೆಯಿಂದ ಓಡಿಬರುತ್ತಿದ್ದರು.

"ಸಣ್ಣಗ ಮಾತಾಡ ಯವ್ವಾ, ಮಂದಿ ಕೇಳತಾರ."

"ಕೇಳಲಿ ಅಂತನ ಮಾತಾಡೂದು," ಎನ್ನುತ್ತಿದ್ದಳು ರೇಣು.

ಅವಳ ಕೆಲಸ ನಮ್ಮ ಕಾರ್ಖಾನೆಯ ಸರ್ವರ್ ಕೋಣೆಯಲ್ಲಿ. ನಮ್ಮದು ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಫೌಂಡ್ರಿ. ಅದರ ಲೆಕ್ಕ, ನಕ್ಷೆ, ಹಾಜರಿ ಎಲ್ಲ ಆ ಕೋಣೆಯ ಯಂತ್ರಗಳಲ್ಲಿ ಇರುತ್ತದೆ. ಹಿಂದಿನವರು ಒಂದೊಂದು ಕೆಲಸಕ್ಕೆ ಒಂದೊಂದು ಸರ್ವರ್ ಕೊಂಡು ಗುಡ್ಡೆ ಹಾಕಿದ್ದರು. ಅರ್ಧಕ್ಕರ್ಧ ಕೆಲಸವಿಲ್ಲದೆ ಕೂತು ಕರೆಂಟು ತಿನ್ನುತ್ತಿದ್ದವು. ಅವುಗಳ ಬಿಸಿ ಇಳಿಸಲು ಏಸಿ ಇನ್ನಷ್ಟು ತಿನ್ನುತ್ತಿತ್ತು. ರೇಣುವಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಕೊನೆಯ ತುಣುಕನ್ನೂ ಬಳಸುವ ಹುಡುಗಿ ಅವಳು. ಎರಡು ವರ್ಷ ಕೂತು ಆ ಯಂತ್ರಗಳ ಕೆಲಸವನ್ನೆಲ್ಲ ನಾಲ್ಕಾರು ದೊಡ್ಡ ಯಂತ್ರಗಳೊಳಗೆ ಸೇರಿಸಿದಳು. ಪುಣೆಯ ಹಳೇ ವಾಡೆಯಲ್ಲಿ ಹತ್ತು ಸಂಸಾರ ಒಂದೇ ನೀರಿನ ಟಾಕಿಯ ಮೇಲೆ ನಡೆಯುವ ಹಾಗೆ, ಒಂದೇ ಯಂತ್ರದೊಳಗೆ ಹತ್ತು ಸರ್ವರ್ ತಂತಮ್ಮ ಪಾಡಿಗೆ ನಡೆಯುತ್ತವೆ ಎಂದು ಬಸ್ಸಿನಲ್ಲಿ ನನಗೆ ವಿವರಿಸಿದ್ದಳು. ಕರೆಂಟಿನ ಬಿಲ್ಲು ಇಳಿಯಿತು. ಬೆನ್ನು ತಟ್ಟಿಸಿಕೊಂಡದ್ದು ಅವಳ ಮೇಲಧಿಕಾರಿ ಸ್ವಪ್ನಿಲ್.

ಈ ಸ್ವಪ್ನಿಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳಗಾವಿ ಕಡೆಯ ಕನ್ನಡದ ಮನೆಯ ಹುಡುಗ. ಅವನ ಅಜ್ಜಿ ನಮ್ಮ ಬಸವ ಜಯಂತಿಗೆ ಬಂದು ನನ್ನ ಹೆಂಡತಿಯ ಜೊತೆ ಗಂಟೆಗಟ್ಟಲೆ ಹರಟಿದ್ದಾರೆ. ಆದರೆ ಕಾರ್ಖಾನೆಯ ಗೇಟು ದಾಟಿದ ಕೂಡಲೇ ಅವನಿಗೆ ಕನ್ನಡ ಮರೆತುಹೋಗುತ್ತದೆ. ಪುಣೆಯಲ್ಲಿ ಮರಾಠಿ ಆಡುವುದು ತಪ್ಪಲ್ಲ, ನಾನೂ ದಿನವಿಡೀ ಆಡುತ್ತೇನೆ. ಗೊತ್ತಿರುವುದನ್ನು ಗೊತ್ತಿಲ್ಲ ಎನ್ನುವವನನ್ನು ಕಂಡರೆ ಮಾತ್ರ ನನಗೆ ಪಿತ್ತ ನೆತ್ತಿಗೇರುತ್ತದೆ.

ಯಂತ್ರಗಳನ್ನು ಇನ್ನಷ್ಟು ಕಡಿಮೆ ಮಾಡಲು ಸ್ವಪ್ನಿಲ್ ಒಂದು ನಿಯಮ ತಂದ. ಪ್ರತಿ ಸರ್ವರಿಗೂ ಒಬ್ಬ ಮಾಲಕನ ಹೆಸರಿರಬೇಕು. ಮಾಲಕನಿಲ್ಲದ ಯಂತ್ರವನ್ನು ಬಂದ್ ಮಾಡಿ ಒಂದು ತಿಂಗಳು ಕಾಯಬೇಕು. ಯಾರಾದರೂ "ಅಯ್ಯೋ, ನಮ್ಮ ಕೆಲಸ ನಿಂತಿತು" ಎಂದು ಕೂಗಿಕೊಂಡರೆ ಮತ್ತೆ ಚಾಲೂ ಮಾಡುವುದು, ಕೂಗದಿದ್ದರೆ ಎಲ್ಲವನ್ನೂ ಅಳಿಸುವುದು. ಇದು ಅವನ ತಲೆಯಿಂದ ಹುಟ್ಟಿದ್ದೇನಲ್ಲ, ಈ ಕಸುಬಿನವರು ಎಲ್ಲ ಕಡೆ ಹೀಗೇ ಮಾಡುತ್ತಾರಂತೆ. ರೇಣುವಿಗೂ ಅದು ಸರಿಯೆನಿಸಿತ್ತು. ಬೇಕಾದವರು ಕೂಗದೇ ಇರುತ್ತಾರೆಯೇ?

ಒಂದೇ ಒಂದು ವಿಷಯಕ್ಕೆ ಅವಳು ಆಗಲೇ ಸಿಡಿದಿದ್ದಳು. ನಿರ್ದೇಶಕರ ಮಗಳ ಲಗ್ನದ ವಿಡಿಯೋ ಕಂಪನಿಯ ಸರ್ವರ್‌ಗಳಲ್ಲಿ ಏಳು ಕಡೆ ಇತ್ತು. ಅಕ್ಷತೆ, ಊಟ, ಬ್ಯಾಂಡು, ಡ್ರೋನಿನಿಂದ ತೆಗೆದದ್ದು, ಸಮಸ್ತವೂ ಏಳೇಳು ಸಲ. ಅದಕ್ಕೆ ಮಾಲಕನ ಹೆಸರಿತ್ತು. ಆದ್ದರಿಂದ ಯಾರೂ ಮುಟ್ಟುವಂತಿರಲಿಲ್ಲ.

ಹೋದ ಚಳಿಗಾಲದ ಒಂದು ಮಧ್ಯಾಹ್ನ ರೇಣುವೂ ನಾನೂ ಗೇಟಿನೆದುರಿನ ಟಪರಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಗೇಟಿನಲ್ಲಿ ಒಬ್ಬ ಹೆಂಗಸು ವಾಚ್‌ಮನ್ನನ ಮೇಲೆ ಹರಿಹಾಯುತ್ತಿದ್ದಳು.

"ಏ ಯಪ್ಪಾ, ನಾ ಏನ್ ಭಿಕ್ಷಾ ಬೇಡ್ಲಾಕ ಬಂದೀನೇನು? ನನ್ ಗಂಡನ ಎದಿ ಫೋಟೋ ಕೇಳ್ಲಾಕ ಬಂದೀನಿ! ಎಷ್ಟ್ ಸಲ ತಿರುಗಸ್ತಿ?"

ಕಲಬುರಗಿ ಸೀಮೆಯ ಮಾತು. ರೇಣು ಅರ್ಧ ಚಹಾ ಬಿಟ್ಟು ಎದ್ದಳು. ಆ ಹೆಂಗಸು ಚಂದಮ್ಮ. ಚಿತ್ತಾಪುರದ ಕಡೆಯವಳು. ಗಂಡ ಅಂಬಾರಾಯ ನಮ್ಮಲ್ಲೇ ಗುತ್ತಿಗೆ ಕೆಲಸಗಾರ. ಎರಕದ ತುಂಡುಗಳ ಮರಳು ಉಜ್ಜಿ ತೆಗೆಯುವ ಶೆಡ್ಡಿನಲ್ಲಿ ಎಂಟು ವರ್ಷ ದುಡಿದವನು ಈಗ ಹಾಸಿಗೆ ಹಿಡಿದಿದ್ದ.

"ನಾಕ್ ಹೆಜ್ಜಿ ನಡದ್ರ ದಮ್ ಹತ್ತತದ್ರಿ. ಊರಾಗ ಭಜನ್ಯಾಗ ಒಂದೇ ಉಸರಿಗೆ ತತ್ವಪದ ಹಾಡ್ತಿದ್ದ ಮನಷ್ಯಾ ಅಂವ," ಎಂದಳು ಚಂದಮ್ಮ.

ಎದೆಯಲ್ಲಿ ಮರಳಿನ ಧೂಳು ಕೂತಿದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಕಂಪನಿಯವರು ಏನು ಹೇಳಿದರು ಗೊತ್ತೇ? ಅವನು ಮೊದಲು ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ, ಧೂಳನ್ನು ಅಲ್ಲಿಂದಲೇ ತಂದಿದ್ದಾನೆ, ನಮಗೆ ಸಂಬಂಧವಿಲ್ಲ. ಹೀಗೆಂದು ಕೈತೊಳೆದುಕೊಂಡರು.

"ಅಂವ ಖಣಿ ಕಣ್ಣಿಲೆ ನೋಡಿಲ್ರಿ ಯವ್ವಾ! ಸುಳ್ಳ ಹೇಳ್ಲತ್ತಾರ!"

ಕೆಲಸಕ್ಕೆ ಸೇರಿದ ದಿನ ಪ್ರತಿಯೊಬ್ಬನ ಎದೆಯ ಎಕ್ಸ್‌ರೇಯನ್ನು ಕಂಪನಿಯ ದವಾಖಾನೆಯಲ್ಲಿ ತೆಗೆಯುತ್ತಿದ್ದರು. ಆ ಚಿತ್ರ ಸಿಕ್ಕರೆ, ಅದರಲ್ಲಿ ಎದೆ ಚೊಕ್ಕವಾಗಿದ್ದರೆ, ರೋಗ ಇಲ್ಲಿಯದೇ ಎಂದು ಸಾಬೀತಾಗುತ್ತದೆ. ಆಗ ಚಿಕಿತ್ಸೆಯೂ ಪಿಂಚಣಿಯೂ ಸಿಗುತ್ತವೆ. ಆಸ್ಪತ್ರೆಯವರು ಕಂಪನಿಗೆ ಕಾಗದ ಬರೆದು ಚಿತ್ರವನ್ನು ಕಂಪನಿಯ ಸಿಕ್ಕಾ, ಅಂದರೆ ಮೊಹರು, ಹಾಕಿಸಿ ತರಿಸಿಕೊಳ್ಳುತ್ತೇವೆ, ಸಿಕ್ಕಾ ಇಲ್ಲದ ಪ್ರತಿ ನಡೆಯುವುದಿಲ್ಲ ಎಂದಿದ್ದರು. ಆ ಕಾಗದ ಯಾವ ಮೇಜಿನ ಮೇಲೆ ತೂಕಡಿಸುತ್ತಿತ್ತೋ! ಅಷ್ಟರೊಳಗೆ ಚಿತ್ರ ಇದೆಯೋ ಇಲ್ಲವೋ ನೋಡೋಣವೆಂದು ಚಂದಮ್ಮ ಬಂದಿದ್ದಳು. ದವಾಖಾನೆಯನ್ನು ಈಗ ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿಯ ಹೊಸ ನರ್ಸ್ ವಾಚ್‌ಮನ್ನನ ಕೈಲಿ "ಮಷೀನ್ ಬಂದ್ ಹೈ" ಎಂದು ಹೇಳಿಸಿ ಪ್ರತಿಸಲ ವಾಪಸು ಕಳಿಸಿದ್ದಳು.

ರೇಣುವಿನ ಮುಖ ಕಪ್ಪಿಟ್ಟಿತು. ದವಾಖಾನೆಯ ಹಳೇ ಸರ್ವರ್. ಮಾಲಕನಿಲ್ಲ. ಮೂರು ವಾರದ ಕೆಳಗೆ ಅವಳೇ ಅದನ್ನು ಬಂದ್ ಮಾಡಿದ್ದಳು. ಬರುವ ಶುಕ್ರವಾರ ಅಳಿಸುವುದಿತ್ತು.

ಅವಳು ನೇರ ಸ್ವಪ್ನಿಲ್ ಹತ್ತಿರ ಹೋದಳು. ಬಾಗಿಲು ತೆರೆದೇ ಇತ್ತು, ಇಡೀ ಮಹಡಿಗೆ ಕೇಳಿಸಿತು.

"ಪಟ್ಟಿಯಾಗ ಯಾರೂ ಕೂಗಲಿಲ್ಲ ಅಂತ ಬರದೀರಲ್ಲ, ಕೂಗ್ಯಾರ್ರಿ! ಗೇಟಿನ್ಯಾಗ ನಿಂತ ಗಂಟಲ ಹರಕೊಂಡಾರ! ನಿಮ್ಮ ಏಸಿ ಕೋಣ್ಯಾಗ ಕೇಳಿಲ್ಲ, ಅಷ್ಟ!"

"ಮೇಲ್ ಆಲಾ ಕಾ?" ಎಂದ ಸ್ವಪ್ನಿಲ್, ಮರಾಠಿಯಲ್ಲಿ. ಮೇಲ್ ಬಂದಿದೆಯಾ ಎಂದು. ವಿಭಾಗದ ಮುಖ್ಯಸ್ಥರಿಂದ ಮೇಲ್ ಬಂದರೆ ಮಾತ್ರ ಅದು ಕೂಗು. ದವಾಖಾನೆಗೆ ಈಗ ಮುಖ್ಯಸ್ಥರೇ ಇಲ್ಲ. ಗುತ್ತಿಗೆಯ ನರ್ಸಿಗೆ ಕಂಪನಿಯ ಮೇಲ್ ಇಲ್ಲ. ಚಂದಮ್ಮನಿಗಂತೂ ಗೇಟಿನೊಳಗೆ ಕಾಲಿಡಲೂ ಬಿಡುವುದಿಲ್ಲ. ಎಷ್ಟು ಅಚ್ಚುಕಟ್ಟಾದ ನಿಯಮ ನೋಡಿ! ಕೂಗಬಲ್ಲವನಿಗೆ ಲಗ್ನದ ವಿಡಿಯೋ ಏಳು ಕಡೆ, ಉಸಿರಾಡಲಾಗದವನಿಗೆ ಒಂದೂ ಇಲ್ಲ. ಆ ದಿನ ನಾನು ಹಲ್ಲು ಕಡಿದ ಸದ್ದು ಪಕ್ಕದ ಮೇಜಿನವನಿಗೂ ಕೇಳಿಸಿರಬೇಕು. ಕಡಿದದ್ದಷ್ಟೇ, ಬೇರೇನೂ ಮಾಡಲಿಲ್ಲ.

ರೇಣು ತನ್ನ ಕುರ್ಚಿಗೆ ಹೋಗಿ ಆ ಸರ್ವರಿನ ಮಾಲಕನ ಜಾಗದಲ್ಲಿ ಮೊದಲು ಚಂದಮ್ಮನ ಹೆಸರು ಹಾಕಿ ನೋಡಿದಳಂತೆ. ಕಂಪ್ಯೂಟರ್ ಒಪ್ಪಲಿಲ್ಲ, ಕಂಪನಿಯ ಕಾಯಂ ನೌಕರರೇ ಆಗಬೇಕು. ಆಗ ತನ್ನ ಹೆಸರು ಹಾಕಿದಳು. ಶುಕ್ರವಾರ ಅಳಿಸುವುದಾದರೂ ನಿಂತಿತು.

ಆ ವಾರವೇ ನಿರ್ದೇಶಕರೆದುರು ಸ್ವಪ್ನಿಲ್‌ನ ಸಾಧನೆಯ ಪ್ರದರ್ಶನ. ಯಂತ್ರ ಕೊಂಡ ವಿಭಾಗದವನೆಂದು ನನ್ನನ್ನೂ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆಯ ತುಂಬ ತೆಗೆದುಹಾಕಿದ ಯಂತ್ರಗಳ ಹಸಿರು ಚೌಕಗಳು, ನಡುವೆ ಅಳಿಸದೆ ಉಳಿದ ಒಂದೇ ಒಂದು ಕೆಂಪು. ಕೆಳಗೆ ರೇಣುವಿನ ಹೆಸರು. ಇದೇನೆಂದು ನಿರ್ದೇಶಕರು ಕೇಳಿದರು. ಅವಳು ಎದ್ದು ನಿಂತು ಅಂಬಾರಾಯನ ವಿಷಯ ಪೂರ್ತಿ ಹೇಳಿದಳು. ಕೊನೆಗೆ, ನಿಮ್ಮ ಮಗಳ ಲಗ್ನದ ಆರು ಪ್ರತಿ ತೆಗೆದರೆ ಕಾರ್ಖಾನೆಯ ಎಲ್ಲ ಕೆಲಸಗಾರರ ಎಕ್ಸ್‌ರೇ ಇಟ್ಟೂ ಜಾಗ ಉಳಿಯುತ್ತದೆ ಸರ್, ಎಂದಳು. ಹಿಂದಿಯಲ್ಲಿ, ಸ್ಪಷ್ಟವಾಗಿ, ಅಪ್ಪನ ಹರಾಜಿನ ದನಿಯಲ್ಲಿ.

ಮುಂದಿನ ವಾರ ಅವಳನ್ನು ದೂರದ ದೌಂಡಿನ ಗೋದಾಮಿಗೆ ಹಾಕಿದರು. ಅಲ್ಲಿರುವುದು ಎರಡು ಕಂಪ್ಯೂಟರ್, ಒಂದು ತೂಕದ ಕಾಟಾ. ಬೆಳಗಿನ ಜಾವ ಎದ್ದು ರೈಲು ಹಿಡಿಯಬೇಕು. ಅಪ್ಪ ತೀರಿಹೋದ ಮೇಲೆ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವವಳು ಅವಳೊಬ್ಬಳೇ ಎಂದು ಗೊತ್ತಿದ್ದೂ ಹೀಗೆ ಮಾಡಿದರು. ಭೀಮವ್ವ ನನ್ನ ಹೆಂಡತಿಯ ಮುಂದೆ ಅತ್ತರು. "ಬಾಯಿ ಮುಚಗೊಂಡ ಇದ್ದಿದ್ರ ಆಗ್ತಿತ್ತು" ಎಂದರು. ಅದನ್ನು ಕೇಳಿ ನನಗೆ ಸ್ವಪ್ನಿಲ್ ಮೇಲಿದ್ದ ಸಿಟ್ಟು ಇಮ್ಮಡಿಯಾಯಿತು.

ವರ್ಗವಾದವರ ಹೆಸರು ಪಟ್ಟಿಯಿಂದ ತಾನಾಗಿ ಬಿದ್ದುಹೋಗುತ್ತದೆ. ದವಾಖಾನೆಯ ಸರ್ವರ್ ಮತ್ತೆ ಅನಾಥವಾಯಿತು. ಎಲ್ಲ ನೌಕರರಿಗೂ ಒಂದು ಮೇಲ್ ಬಂತು. ಈ ಯಂತ್ರದ ಮಾಲಕರು ಯಾರಾದರೂ ಇದ್ದರೆ ತಿಳಿಸಿ, ತಿಂಗಳ ಕೊನೆಗೆ ಅಳಿಸಲಾಗುವುದು. ಇಂಥ ಮೇಲ್‌ಗಳನ್ನು ನಾನು ಓದದೆ ತೆಗೆದುಹಾಕುತ್ತೇನೆ. ಇದನ್ನು ತೆಗೆಯಲು ಬೆರಳು ಏಳಲಿಲ್ಲ. ಇನ್ನೊಂದು ವರ್ಷಕ್ಕೆ ನನ್ನ ನಿವೃತ್ತಿ, ಮೂಗು ತೂರಿಸಲು ಧೈರ್ಯವೂ ಬರಲಿಲ್ಲ. ದೌಂಡಿನಿಂದ ರೇಣು ಫೋನ್ ಮಾಡಿದಳು. "ಕಾಕಾ, ಆಸ್ಪತ್ರಿ ಕಾಗದ ಬರೂಮಟಾ ಅದು ಉಳೀಬೇಕ್ರಿ," ಎಂದಳು. ನೀವು ಹೆಸರು ಹಾಕಿ ಎಂದು ಮಾತ್ರ ಕೇಳಲಿಲ್ಲ.

ಚಂದಮ್ಮನಿಗೂ ಅವಳೇ ಹೇಳಿದ್ದಳು: ಕೂಗ್ರಿ, ನಿಯಮದಾಗ ಹಂಗ ಅದ. ಚಂದಮ್ಮ ದಿನಾ ಗೇಟಿಗೆ ಬಂದು ಕೂಗತೊಡಗಿದಳು. ವಾಚ್‌ಮನ್ ಓಡಿಸಿದರೆ ರಸ್ತೆಯ ಆಚೆ ಬದಿಗೆ ನಿಂತು ಕೂಗುತ್ತಿದ್ದಳು.

ಕೊನೆಯ ದಿನ ನಾನೂ ಸ್ವಪ್ನಿಲ್ಲನೂ ಮೊದಲ ಮಹಡಿಯ ಗಾಜಿನ ಹತ್ತಿರ ನಿಂತಿದ್ದೆವು. ಕೆಳಗೆ ಚಂದಮ್ಮನ ದನಿ ಗಾಜನ್ನೂ ದಾಟಿ ಬರುತ್ತಿತ್ತು. "ನನ್ ಗಂಡನ ಎದಿ ಕೊಡ್ರೋ! ಅಳಸಬ್ಯಾಡ್ರೋ!" ಎಂಬ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.

"ಏನ್ ಹೇಳ್ತಿದ್ದಾಳೆ ಅವಳು?" ಎಂದು ನಾನು ಮರಾಠಿಯಲ್ಲೇ ಕೇಳಿದೆ.

ಅವನು ಚಹಾದ ಕಪ್ಪು ತುಟಿಗಿಟ್ಟುಕೊಂಡು, "ಕಾಯ್ ಮಾಹೀತ್," ಎಂದ. ಯಾರಿಗೆ ಗೊತ್ತು ಎಂದು.

ಯಾರಿಗೆ ಗೊತ್ತು! ಅಜ್ಜಿಯ ಕೈತುತ್ತನ್ನು ಆ ಮಾತಿನಲ್ಲೇ ತಿಂದು ಬೆಳೆದವನು. ಅಲ್ಲೇ ನಿಂತಿದ್ದರೆ ಹೊಡೆದುಬಿಡುತ್ತಿದ್ದೆನೋ ಏನೋ. ಮೇಜಿಗೆ ಹೋಗಿ, ಆ ಮೇಲ್ ತೆರೆದು, ಮಾಲಕನ ಜಾಗದಲ್ಲಿ ನನ್ನ ಹೆಸರು, ವಿಭಾಗ, ನೌಕರಿ ಸಂಖ್ಯೆ ಎಲ್ಲ ತುಂಬಿ ಕಳಿಸಿದೆ.

ಫೋನ್ ರಿಂಗಾಯಿತು. ಸ್ವಪ್ನಿಲ್.

"ಕಾಕಾ, ಇದೇನ್ ಮಾಡೀರಿ? ನಿಮಗ್ಯಾಕ ಬೇಕಿತ್ತರಿ ಇದು?"

"ಈಗ ಕನ್ನಡ ನೆನಪಾತೇನಪಾ?" ಎಂದೆ. "ಹಂಗಾರ ಕೆಳಗ ಏನ್ ಕೂಗಾಕತ್ತಾಳ ಅನ್ನೂದನ್ನೂ ಬರಕೋ. ಮಾಲಕ ನಾನು. ಯಂತ್ರ ಚಾಲೂ ಮಾಡು."

ಅವನು ಫೋನ್ ಇಟ್ಟ. ಸಂಜೆಯೊಳಗೆ ಯಂತ್ರ ಚಾಲೂ ಆಯಿತು. ನನ್ನನ್ನು ಎಲ್ಲಿಗೂ ಹಾಕಲಿಲ್ಲ. ನಿವೃತ್ತಿಗೆ ಬಂದ ಮುದುಕನನ್ನು ದೌಂಡಿಗೆ ಕಳಿಸಿ ಏನು ಮಾಡುತ್ತಾರೆ?

ಆಸ್ಪತ್ರೆಯ ಕಾಗದ ಬರಲು ಮತ್ತೂ ಆರು ವಾರ ಹಿಡಿಯಿತು. ಚಿತ್ರ ತೆಗೆಸಿ, ಫಿಲ್ಮಿನ ಮೇಲೆ ಮುದ್ರಿಸಿ, ಸಿಕ್ಕಾ ಹಾಕಿಸಿ ನಾನೇ ಗೇಟಿಗೆ ಒಯ್ದೆ. ರೇಣು ರಜೆ ಹಾಕಿ ದೌಂಡಿನಿಂದ ಬಂದಿದ್ದಳು. ಚಂದಮ್ಮ ತಿಂಗಳುಗಟ್ಟಲೆ ಚೀಲದಲ್ಲಿ ಹೊತ್ತು ತಿರುಗಿದ್ದ ಹೊಸ ಎಕ್ಸ್‌ರೇಯನ್ನು ಒಂದು ಕೈಯಲ್ಲಿ, ನಾನು ಕೊಟ್ಟ ಹಳೆಯದನ್ನು ಇನ್ನೊಂದು ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದಳು. ಹೊಸದರ ತುಂಬ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಹಳೆಯದರಲ್ಲಿ ಒಂದೂ ಇರಲಿಲ್ಲ. ಆಕೆ ಬಹಳ ಹೊತ್ತು ಎರಡನ್ನೂ ನೋಡಿದಳು. ಅಷ್ಟು ದಿನ ಕೂಗಿದ ಹೆಂಗಸು ಅವತ್ತು ಕೂಗಲಿಲ್ಲ, ಮೆಲ್ಲಗೆ ರೇಣುವನ್ನು ಕೇಳಿದಳು.

"ಇಷ್ಟ್ ಚೊಕ್ಕ ಎದಿ ತಂದಿದ್ನೇನ್ರಿ ಯವ್ವಾ ನಮ್ಮಂವ? ಇದನ್ನ ತಗೊಂಡು ಇವ್ರು ಏನ್ ಮಾಡ್ಯಾರ?"